ಅಡ್ಮಿನ್ ವರ್ಧಮಾನನ ಬಾಯಿ

ಹುಕ್ಕೇರಿಯ ವರ್ಧಮಾನನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ. ಒಬ್ಬ ಮನುಷ್ಯನ ಬಗ್ಗೆ ಬರೆಯುವಾಗ ಅವನ ಗುಣಗಳನ್ನೂ ಹೇಳಬೇಕು ಎನ್ನುತ್ತಾರೆ. ಹೇಳುತ್ತೇನೆ, ಇವೆ. ಅವನು ರಿಪೇರಿ ಮಾಡಿದ ಕಂಪ್ಯೂಟರ್ ಮತ್ತೆ ಬೇಗ ಕೆಡುವುದಿಲ್ಲ. ಗುರುವಾರ ಕೊಡುತ್ತೇನೆ ಎಂದರೆ ಗುರುವಾರ ಕೊಡುತ್ತಾನೆ. ಹಳೇ ಸಾಮಾನು ಹಾಕಿ ಹೊಸದು ಹಾಕಿದೆ ಎನ್ನುವುದಿಲ್ಲ. ಗುಣಗಳು ಮುಗಿದವು.

ಹುಕ್ಕೇರಿ ಪೇಟೆಯಲ್ಲಿ ಅವನ ಅಪ್ಪನ ಕಾಲದ ಕಾಳುಕಡಿ ಅಂಗಡಿ ಇದೆ. ಅದರ ಅರ್ಧ ಭಾಗಕ್ಕೆ ಗಾಜು ಹಾಕಿಸಿ ಕಂಪ್ಯೂಟರ್ ದುಕಾನು ಮಾಡಿದ್ದಾನೆ. ತಾಯಿ ಅವನು ಚಿಕ್ಕವನಿದ್ದಾಗಲೇ ಹೋದರು. ಬೆಳೆದದ್ದು ಮಸಗುಪ್ಪಿಯಲ್ಲಿ, ತಾಯಿಯ ಅಕ್ಕ ಸುಂದರಾಬಾಯಿಯ ಮನೆಯಲ್ಲಿ. ಅವರನ್ನು ಅವನು ಮಾವಶಿ ಎನ್ನುತ್ತಾನೆ. ಮೂಡಲಗಿಯಲ್ಲಿ ಓದಿ, ಡಿಪ್ಲೊಮಾ ಮಾಡಿ, ಕೆಲವು ವರ್ಷ ಮುಂಬೈಯಲ್ಲಿ ಕೆಲಸ ಮಾಡಿದ. ಅಲ್ಲಿ ಯಾರ ಜೊತೆಗೋ ಜಗಳವಾಡಿಕೊಂಡು ವಾಪಸು ಬಂದ. ಯಾರ ಜೊತೆ ಎಂದು ನಾನು ವಿಚಾರಿಸಿಲ್ಲ. ಯಾರ ಜೊತೆ ಆಡಿಲ್ಲ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಊರಿಗೆ ಬಂದವನು ವಾಟ್ಸ್ಯಾಪ್‌ನಲ್ಲಿ ಒಂದು ಬಳಗ ಕಟ್ಟಿದ. ಹೆಸರು 'ಕೇಳ್ರಿ, ಹೇಳ್ತೇವಿ'. ಗೋಕಾಕ, ಮೂಡಲಗಿ, ಹುಕ್ಕೇರಿಯ ನೂರಾರು ಜನ ಅದರಲ್ಲಿದ್ದಾರೆ. ಅಡ್ಮಿನ್ ಅವನೊಬ್ಬನೇ. ಚಾರ್ಜಿಗೆ ಹಚ್ಚಿದಾಗ ಫೋನ್ ಯಾಕೆ ಬಿಸಿಯಾಗುತ್ತದೆ, ಫ್ರಿಜ್ಜನ್ನು ಗೋಡೆಗೆ ತಾಗಿಸಿ ಇಟ್ಟರೆ ಕರೆಂಟ್ ಬಿಲ್ ಹೆಚ್ಚು ಬರುತ್ತದೆಯೇ, ಗುಡುಗಿದರೆ ಟಿವಿ ಯಾಕೆ ಹೋಗುತ್ತದೆ, ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಇರುವೆಗೆ ಏನು ಕೆಲಸ. ಮನೆಮನೆಯಲ್ಲಿ ಹುಟ್ಟುವ ಇಂಥ ಪ್ರಶ್ನೆಗಳನ್ನು ಜನ ಹಾಕುತ್ತಾರೆ. ವರ್ಧಮಾನ ಉತ್ತರ ಕೊಡುತ್ತಾನೆ. ಉತ್ತರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆದರೆ ಅದು ಬೈಗುಳದ ಹೊಟ್ಟೆಯಲ್ಲಿ ಕೂತಿರುತ್ತದೆ, ನಾವು ಹುಡುಕಿ ತೆಗೆದುಕೊಳ್ಳಬೇಕು.

ಮೇಲವಂಕಿಯ ಖಂಡೆಪ್ಪ ಒಮ್ಮೆ, ಫೋನ್ ನೀರಲ್ಲಿ ಬಿದ್ದಿದೆ, ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಎಷ್ಟು ಹೊತ್ತು ಇಡಬೇಕು ಎಂದು ಕೇಳಿದ. "ಅನ್ನ ಆಗೂಮಟ ಇಡು. ಆಮ್ಯಾಲ ಸಾರು ಹಾಕ್ಕೊಂಡು ಉಣ್ಣು," ಎಂದು ಇವನ ಉತ್ತರ. ಖಂಡೆಪ್ಪ ಬಳಗ ಬಿಟ್ಟು ಹೋಗಲಿಲ್ಲ. ಅವತ್ತಿನಿಂದ ಬೇರೆಯವರಿಗೆ ಬೈಗುಳ ಬಿದ್ದಾಗಲೆಲ್ಲ ಎಲ್ಲರಿಗಿಂತ ಮೊದಲು ನಗುವ ಮುಖಗಳ ಸಾಲು ಕಳಿಸುವವನು ಅವನೇ. ನಾನು ಗಮನಿಸಿದ ಹಾಗೆ, ಅಲ್ಲಿ ಬೈಸಿಕೊಂಡವರು ಯಾರೂ ಹೊರಗೆ ಹೋಗುವುದಿಲ್ಲ. ಮುಂದಿನವನು ಬೈಸಿಕೊಳ್ಳುವುದನ್ನು ನೋಡಬೇಕಲ್ಲ.

ಇದು ಸಾಲದೆಂದು ಅವನು ಒಂದು ಪದ್ಧತಿ ತಂದ. ವಾರವೆಲ್ಲ ಬಂದ ಪ್ರಶ್ನೆಗಳಲ್ಲಿ ತೀರ ದಡ್ಡತನದ್ದು ಯಾವುದೆಂದು ತಾನೇ ಆರಿಸಿ, ಭಾನುವಾರ ಆ ಮನುಷ್ಯನ ಹೆಸರನ್ನು ಊರಿನ ಸಮೇತ ಬಳಗದ ಹೆಸರಿನ ಕೆಳಗೆ ಬರೆಯುತ್ತಿದ್ದ. 'ಈ ವಾರದ ಮಹಾಮೂರ್ಖ: ಇಂಥವರು, ಇಂಥ ಊರು.' ಮುಂದಿನ ಭಾನುವಾರದವರೆಗೆ ಅದು ಅಲ್ಲೇ. ಆ ಪದ್ಧತಿ ಈಗ ನಿಂತಿದೆ. ಯಾಕೆ ನಿಂತಿತು ಎಂದು ಬಳಗದಲ್ಲಿ ಎಲ್ಲರಿಗೂ ಅರ್ಧ ಗೊತ್ತು. ಉಳಿದರ್ಧ ಆದದ್ದು ಮಸಗುಪ್ಪಿಯ ಒಂದು ಪಡಸಾಲೆಯಲ್ಲಿ.

ನನ್ನ ಹೆಸರೂ ಆ ಜಾಗದಲ್ಲಿ ಒಂದು ವಾರ ತೂಗಿದೆ. ಇರ್ಫಾನಾ, ಗೋಕಾಕ. ನಾನು ಮಸಗುಪ್ಪಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ದಿನಾ ಗೋಕಾಕದಿಂದ ಸ್ಕೂಟಿಯಲ್ಲಿ ಹೋಗಿ ಬರುತ್ತೇನೆ. ಇನ್ವರ್ಟರ್ ಬ್ಯಾಟರಿಗೆ ಹಿಡಿದಿಟ್ಟ ಮಳೆನೀರು ಹಾಕಿದರೆ ನಡೆಯುತ್ತದೆಯೇ ಎಂದು ಕೇಳಿದ್ದೆ. ಕೇಳಬಾರದ ಪ್ರಶ್ನೆಯೇನಲ್ಲ. "ಸೈನ್ಸ್ ಟೀಚರ್ ಕೇಳೋ ಮಾತಿದು. ಈಕಿ ಕೈಯಾಗ ಕಲ್ತ ಹುಡುಗೂರ ಗತಿ ದೇವರೇ ನೋಡಬೇಕು," ಎಂದು ಬರೆದ. ನನ್ನ ಶಾಲೆಯ ಮಕ್ಕಳ ತಂದೆತಾಯಿಗಳು ಆ ಬಳಗದಲ್ಲಿದ್ದರು. ಮರುದಿನ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಯಾರೋ "ಮಳಿನೀರು" ಎಂದು ಪಿಸುಗುಟ್ಟಿದ್ದು ಕೇಳಿಸಿತು. ಅವತ್ತು ಹೊತ್ತಿಕೊಂಡದ್ದು ಇವತ್ತಿಗೂ ಆರಿಲ್ಲ.

ಸುಂದರಾಬಾಯಿಯ ಮನೆ ಶಾಲೆಯ ಗೋಡೆಗೆ ಹತ್ತಿಕೊಂಡೇ ಇದೆ. ಮುಂದೆ ಅಂಗಳ, ಅದರಾಚೆ ಪಶ್ಚಿಮಕ್ಕೆ ಕಬ್ಬಿನ ಹೊಲ. ಗಂಡ ತೀರಿಕೊಂಡಿದ್ದಾರೆ, ಮಗ ಸೊಸೆ ಹೊಲ ನೋಡುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ನಾನು ಅವರ ಪಡಸಾಲೆಯಲ್ಲಿ ಕೂರುವುದು ರೂಢಿ. ನನಗೆಂದು ಬೇರೆ ಸ್ಟೀಲ್ ಲೋಟ ಇಟ್ಟಿದ್ದಾರೆ. ಅದು ಯಾಕೆ ಬೇರೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ಆ ಮಾತು ಇಬ್ಬರೂ ಎತ್ತುವುದಿಲ್ಲ. ಆ ಲೋಟದಲ್ಲಿ ಅವರು ಕೊಡುವ ಮಜ್ಜಿಗೆ ಮಾತ್ರ ಗೋಕಾಕದಲ್ಲಿ ಎಲ್ಲೂ ಸಿಗುವುದಿಲ್ಲ.

ಜೈನರ ಮನೆಯಲ್ಲಿ ರಾತ್ರಿ ಊಟವಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ತಿಳಿದದ್ದೇ. ಸುಂದರಾಬಾಯಿಯದು ಅದಕ್ಕಿಂತ ಒಂದು ಕೈ ಹೆಚ್ಚು. ಗಂಡ ತೀರಿದ ವರ್ಷ ಮುನಿಮಹಾರಾಜರ ಮುಂದೆ ಕೂತು, ಹೊತ್ತು ಮುಳುಗಿದ ಮೇಲೆ ಒಂದು ಹನಿ ನೀರೂ ಮುಟ್ಟುವುದಿಲ್ಲ ಎಂದು ಬದುಕಿರುವವರೆಗೆ ವ್ರತ ತೆಗೆದುಕೊಂಡವರು ಅವರು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಬೀಗರಿಗೂ ತಾಟು ಹಾಕುವುದಿಲ್ಲ. ಸಂಜೆಯ ಊಟ ಬೇಗ ಮುಗಿಯುತ್ತದೆ. ಆದರೆ ಬಿಪಿಯ ಮಾತ್ರೆ ಒಂದಿದೆ. ಅದನ್ನು ಆದಷ್ಟು ತಡಮಾಡಿ ತಗೊಳ್ಳಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಸೂರ್ಯ ಇನ್ನೇನು ಮುಳುಗಬೇಕು ಎನ್ನುವಾಗ ಮಾತ್ರೆ ನುಂಗಿ, ಒಂದು ಲೋಟ ನೀರು ಕುಡಿದು, ಲೋಟ ಬೋರಲು ಹಾಕುತ್ತಾರೆ. ಅವರಿಗೆ ನಾಲ್ಕು ನಿಮಿಷ ಆಚೀಚೆಯಾದರೂ ಅದು ದೊಡ್ಡ ಮಾತು.

ಹೋದ ವರ್ಷ ದೀಪಾವಳಿಗೆ ವರ್ಧಮಾನ ಅವರಿಗೆ ತನ್ನ ಹಳೇ ಫೋನ್ ಕೊಟ್ಟ. ಮುಂಬೈಯಲ್ಲಿ ಅವನೇ ಬಳಸುತ್ತಿದ್ದದ್ದು. ಅದರಲ್ಲಿ ಸೂರ್ಯ ಮುಳುಗುವ ಹೊತ್ತು ತೋರಿಸಿ, ಆ ಹೊತ್ತಿಗೆ ಗಂಟೆ ಬಾರಿಸುವ ಒಂದು ಆ್ಯಪ್ ಇತ್ತು. ಚಳಿಗಾಲವೆಲ್ಲ ಸುಂದರಾಬಾಯಿ ಅಂಗಳದಲ್ಲಿ ನಿಂತು ತಾಳೆ ನೋಡಿದರು. ಕಬ್ಬಿನ ಹೊಲದ ಹಿಂದೆ ಸೂರ್ಯ ಇಳಿಯುವುದಕ್ಕೂ ಫೋನ್ ಗಂಟೆ ಬಾರಿಸುವುದಕ್ಕೂ ಸರಿಹೋಗುತ್ತಿತ್ತು. ಅವರ ಪೂರಾ ನಂಬಿಕೆ ಅದರ ಮೇಲೆ ಕೂತಿತು. ಬೇಸಿಗೆಯಲ್ಲಿ ನೋಡುವುದು ಬಿಟ್ಟರು. ಮಳೆಗಾಲ ಬಂದು ಚಾತುರ್ಮಾಸ ಹಿಡಿಯಿತು. ಮೋಡದಲ್ಲಿ ಸೂರ್ಯನೇ ಕಾಣದಾಗ ಫೋನೇ ಗತಿಯಾಯಿತು.

ಒಂದು ಸಂಜೆ ಮೋಡ ಹರಿಯಿತು. ಸುಂದರಾಬಾಯಿ ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಯುತ್ತ ಹೊರಗೆ ನೋಡಿದರೆ ಸೂರ್ಯ ಆಗಲೇ ಮುಳುಗಿದ್ದ. ಬರೀ ಕೆಂಪು ಉಳಿದಿತ್ತು. ಫೋನಿನ ಗಂಟೆ ಇನ್ನೂ ಬಾರಿಸಿರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಹೋದಾಗ ಅವರು ಮಜ್ಜಿಗೆ ಮರೆತು ಕೂತಿದ್ದರು. "ಅಕ್ಕೋರ, ನಾ ಎಷ್ಟು ದಿವಸದಿಂದ ಹಿಂಗ ಕುಡದೇನೋ ಏನೋ. ಮಹಾರಾಜರ ಮುಂದ ಕೈ ಮುಗದು ಹೇಳಿದ ಮಾತು ಅದು," ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

"ಫೋನ್ ಕೊಟ್ಟವ್ರಿಗೇ ಕೇಳ್ರಿ ಆಯಿ, ನಿಮ್ಮ ವರ್ಧಮಾನಂಗ," ಎಂದೆ.

"ಬ್ಯಾಡ್ರಿ. ಪ್ರೀತಿಲೆ ಕೊಟ್ಟಾನ. ತಪ್ಪು ತೋರಸಾಕತ್ತೈತಿ ಅಂದ್ರ ಮನಸಿಗೆ ಹಚ್ಕೋತಾನ. ನಿಮ್ಮ ಫೋನ್‌ನಾಗ ಶ್ಯಾಣ್ಯಾ ಮಂದಿ ಅದಾರಂತಲ್ಲ, ಅವ್ರಿಗೆ ಕೇಳ್ರಿ. ನನ್ನ ಹೆಸರು ಹಾಕಬ್ಯಾಡ್ರಿ."

ಆ ಶ್ಯಾಣ್ಯಾ ಮಂದಿಯ ಯಜಮಾನ ನಿಮ್ಮ ವರ್ಧಮಾನನೇ ಎಂದು ನಾನು ಹೇಳಲಿಲ್ಲ. ಯಾಕೆ ಹೇಳಲಿ? ಅವನು ಏನು ಬರೆಯುತ್ತಾನೆ ಎಂದು ನೋಡುವ ಆಸೆ ನನಗೆ ಬಹಳವಾಗಿತ್ತು.

ಸಂಜೆ ಬಳಗದಲ್ಲಿ ಪ್ರಶ್ನೆ ಹಾಕಿದೆ. ಗುರುತಿನ ಹಿರಿಯ ಹೆಣ್ಣುಮಗಳೊಬ್ಬರ ಫೋನಿನಲ್ಲಿ ಸೂರ್ಯ ಮುಳುಗುವ ಹೊತ್ತು ಚಳಿಗಾಲದಲ್ಲಿ ಸರಿಯಾಗಿತ್ತು, ಈಗ ತಡವಾಗಿ ತೋರಿಸುತ್ತಿದೆ, ಅವರಿಗೆ ವ್ರತವಿದೆ, ಕಾರಣ ಏನಿರಬಹುದು ಎಂದು ಮರ್ಯಾದೆಯಿಂದಲೇ ಬರೆದೆ.

ವರ್ಧಮಾನನ ಉತ್ತರ ಬರಲು ತಡವಾಗಲಿಲ್ಲ. "ಟೀಚರ್, ಫೋನ್‌ಗೆ ಚಳಿಗಾಲ ಮಳಿಗಾಲ ಅಂತ ಇರೂದಿಲ್ಲ. ಅದೇನು ಎಮ್ಮಿ ಅಲ್ಲ. ಚಳಿಗಾಲದಾಗ ಸರಿ ಇತ್ತಂದ್ರ ಈಗೂ ಸರಿನೇ ಐತಿ."

ಖಂಡೆಪ್ಪನ ನಗುವ ಮುಖಗಳು ಬಂದವು. ಆಮೇಲೆ ಮತ್ತೆ ವರ್ಧಮಾನ: "ವ್ರತ ಅಂದ್ರಿ ಅಂದ್ರ ನಮ್ಮ ಪೈಕಿನೇ ಇರಬೇಕು ಆಕಿ. ಈ ಮುದುಕ್ಯಾರ ಆಟ ನನಗ ಗೊತ್ತೈತಿ. ಬಾಯಿಚಪಲ ತಡಿಯಾಕ ಆಗೂದಿಲ್ಲ, ಕತ್ತಲಾದ ಮ್ಯಾಲ ತಿಂತಾರ, ಫೋನ್ ಮ್ಯಾಲ ಹಾಕ್ತಾರ. ಹೋಗಿ ಹೇಳ್ರಿ ಆಕಿಗೆ, ಫೋನ್ ತಪ್ಪಿಲ್ಲ, ನಾಲಗಿ ತಪ್ಪೈತಿ ಅಂತ."

ನನ್ನ ಮೈಯೆಲ್ಲ ಉರಿಯಿತು. ಒಂದು ಮಾತ್ರೆ, ಒಂದು ಲೋಟ ನೀರು. ಅದಕ್ಕೆ ಬಾಯಿಚಪಲ ಎಂಬ ಹೆಸರು. ಆದರೆ ಫೋನಿಗೆ ಋತುಗಳು ಯಾಕೆ ತಿಳಿಯಬೇಕು ಎಂಬುದು ನನಗೂ ಹೊಳೆದಿರಲಿಲ್ಲ.

ಮನೆಯಲ್ಲಿ ಸಿಡುಕುತ್ತ ಪಾತ್ರೆ ಕುಕ್ಕುತ್ತಿದ್ದೆ. ಅಬ್ಬಾ ಏನಾಯಿತು ಎಂದು ಕೇಳಿದರು. ನಮ್ಮ ಅಬ್ಬಾ ಸುಭಾನಸಾಬ ಗೋಕಾಕದಲ್ಲಿ ಬಳೆ ಅಂಗಡಿ ಇಟ್ಟಿದ್ದವರು. ಬಾಯಿ ಅವರದೂ ಕಮ್ಮಿಯಿಲ್ಲ. ಪೂರಾ ಕೇಳಿಸಿಕೊಂಡು, ಆ ಫೋನ್ ಮೊದಲು ಯಾವ ಊರಲ್ಲಿತ್ತು ಎಂದರು. ಮುಂಬೈ ಎಂದೆ. ಅವರು ನಕ್ಕುಬಿಟ್ಟರು. ಮುಂಬೈಯಲ್ಲಿ ನಮ್ಮ ಸೋದರತ್ತೆಯ ಮನೆ ಇದೆ. ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ರೋಜಾ ಬಿಡುವ ಹೊತ್ತಿಗೆ ಅಣ್ಣ ತಂಗಿ ಫೋನಿನಲ್ಲಿ ಮಾತಾಡಿಕೊಳ್ಳುವುದು ಹಳೇ ರೂಢಿ. ಚಳಿಗಾಲದಲ್ಲಿ ರಂಜಾನ್ ಬಂದ ವರ್ಷಗಳಲ್ಲಿ ಇಬ್ಬರೂ ಒಟ್ಟಿಗೇ ಖರ್ಜೂರ ಬಾಯಿಗೆ ಹಾಕುತ್ತಿದ್ದರಂತೆ. ಮಳೆಗಾಲದಲ್ಲಿ ಬಂದ ವರ್ಷಗಳಲ್ಲಿ ಇಲ್ಲಿ ಅಬ್ಬಾನ ಶರಬತ್ತು ಮುಗಿದರೂ ಅಲ್ಲಿ ಅತ್ತೆ ಇನ್ನೂ ಕಾಯುತ್ತ, ಹೊಟ್ಟೆ ಉರಿಸಬೇಡ, ಫೋನ್ ಇಡು ಎಂದು ಬೈಯುತ್ತಿದ್ದರಂತೆ. ನನಗೂ ಆ ಬೈಗುಳ ನೆನಪಿತ್ತು. ಅದರ ಅರ್ಥವನ್ನು ಮಾತ್ರ ಯೋಚಿಸಿರಲಿಲ್ಲ.

ನಕಾಶೆ ತೆಗೆದು ನೋಡಿದೆ. ಮುಂಬೈ ನಮಗಿಂತ ಪಶ್ಚಿಮಕ್ಕಿದೆ, ಆದ್ದರಿಂದ ಅಲ್ಲಿ ಸೂರ್ಯ ತಡವಾಗಿ ಮುಳುಗಬೇಕು. ಉತ್ತರಕ್ಕೂ ಇದೆ, ಆದ್ದರಿಂದ ಚಳಿಗಾಲದಲ್ಲಿ ಅಲ್ಲಿ ಹಗಲು ನಮ್ಮದಕ್ಕಿಂತ ಚಿಕ್ಕದು. ಈ ಎರಡು ಸೇರಿ ಚಳಿಗಾಲದಲ್ಲಿ ಎರಡೂ ಊರಿನ ಸಂಜೆ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಮಳೆಗಾಲದಲ್ಲಿ ಅಲ್ಲಿ ಹಗಲು ದೊಡ್ಡದು, ಹಾಗಾಗಿ ಅಲ್ಲಿಯ ಸೂರ್ಯ ಹತ್ತು ಹನ್ನೆರಡು ನಿಮಿಷ ತಡ. ಮಸಗುಪ್ಪಿಯ ಅಂಗಳದಲ್ಲಿ ಕೂತು ಸುಂದರಾಬಾಯಿ ಮುಂಬೈಯ ಸಂಜೆ ಕಾಯುತ್ತಿದ್ದರು.

ಮರುದಿನ ಅವರ ಫೋನ್ ತೆಗೆದು ನೋಡಿದೆ. ಆ್ಯಪ್‌ನ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಮುಂಬೈ ಎಂದಿತ್ತು. ಬ್ಯಾಟರಿ ಉಳಿಯಲಿ ಎಂದು ಲೊಕೇಶನ್ ಆಫ್ ಮಾಡಿ, ಕೈಯಿಂದ ಊರು ಹಾಕಿದ್ದ ಆ ಜಾಣ. ಕೊಡುವಾಗ ಬದಲಿಸಿರಲಿಲ್ಲ. ಸುಂದರಾಬಾಯಿಗೆ ಇಂಗ್ಲಿಷ್ ಬಾರದು.

ಅವರಿಗೆ ಮುಂಬೈಯ ವಿಷಯ ತಿಳಿಸಿ, ಊರು ಬದಲಿಸಲು ಹೋದೆ. ಅವರು ತಡೆದರು. "ಇರಲಿ ಬಿಡ್ರಿ, ಕೊಟ್ಟಾಂವನ ಬಂದು ಮಾಡ್ಲಿ. ನಿಮ್ಮ ಮಂದಿ ಏನಂದ್ರು?" ಎಂದು ನನ್ನ ಫೋನಿಗೆ ಕೈ ಚಾಚಿದರು. ಕೊಡಬಾರದಿತ್ತು ಎಂದು ನೀವು ಅನ್ನಬಹುದು. ಕೊಟ್ಟೆ. ಕನ್ನಡ ಅವರು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾರೆ. ಬಾಯಿಚಪಲ ಎಂಬಲ್ಲಿ ನಿಂತರು, ಮತ್ತೆ ಓದಿದರು. ನಾಲಗಿ ತಪ್ಪೈತಿ ಎಂಬಲ್ಲಿಗೆ ಬಂದು, ಬರೆದವನ ಸಣ್ಣ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ನಮ್ಮ ವದ್ದೂ ಅಲ್ಲೇನ್ರಿ ಇಂವ?"

ಹೌದು ಎಂದೆ. ಫೋನನ್ನು ನನ್ನ ಕೈಗಿಟ್ಟರು. ಆಮೇಲೆ, ಚಾತುರ್ಮಾಸ ಮುಗಿಯುವವರೆಗೆ ಇನ್ನು ಒಂದೇ ಹೊತ್ತು ಊಟ, ಮಧ್ಯಾಹ್ನದ ಮೇಲೆ ನೀರೂ ಇಲ್ಲ, ಮಾತ್ರೆಯೂ ಆಗಲೇ, ಆದ ತಪ್ಪಿಗೆ ಅದು ಪ್ರಾಯಶ್ಚಿತ್ತ ಎಂದರು. ಡಾಕ್ಟರ ಮಾತು ನೆನಪಿಸಿದೆ. ಕೇಳಲಿಲ್ಲ. ಹೊರಡುವಾಗ ಇಷ್ಟೇ ಹೇಳಿದರು: "ನಾ ಅಂತ ಯಾರಿಗೂ ಹೇಳಬ್ಯಾಡ್ರಿ. ನಾಕು ಮಂದ್ಯಾಗ ಅವನ ಮಾನಾ ಹೋಗತೈತಿ."

ನಾನು ಹೂಂ ಎನ್ನಲಿಲ್ಲ. ತಲೆಯನ್ನೂ ಆಡಿಸಲಿಲ್ಲ.

ಆ ಸಂಜೆ ಬಳಗದಲ್ಲಿ ಮುಂಬೈಯ ಲೆಕ್ಕವನ್ನೆಲ್ಲ ವಿವರವಾಗಿ ಬರೆದೆ. ಹೆಸರು ಹಾಕಲಿಲ್ಲ. ತಪ್ಪು ಒಪ್ಪಿ ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಬಾಯಿ ಸುಮ್ಮನಿರುವ ಪೈಕಿಯಲ್ಲ; ಮುಂಬೈ ಎಂದು ಓದಿದರೂ ತಾನು ಕೊಟ್ಟ ಫೋನ್ ಅವನಿಗೆ ನೆನಪಾಗಲಿಲ್ಲ. "ಲೆಕ್ಕ ಬರೊಬ್ಬರಿ ಐತಿ. ಹಂಗಾರ ಊರು ಬದಲಿ ಮಾಡದ ಮುದುಕಿ ಕೈಯಾಗ ಫೋನ್ ಕೊಟ್ಟ ಮಹಾಮೂರ್ಖ ಯಾಂವ? ಹೆಸರು ಹೇಳ್ರಿ ಟೀಚರ್. ಈ ಭಾನುವಾರದ ಪಟ್ಟ ಅವಂಗ," ಎಂದು ಬರೆದ. ಹಿಂದೆಯೇ ಖಂಡೆಪ್ಪ, "ಹೆಸರು, ಹೆಸರು" ಎಂದ. ಆಮೇಲೆ ಎಲ್ಲರೂ ಅದನ್ನೇ ಹಿಡಿದರು. ಹೆಸರು, ಊರು, ಹೆಸರು, ಊರು.

ಬರೆದೆ. "ವರ್ಧಮಾನ, ಹುಕ್ಕೇರಿ. ಫೋನ್ ಮಸಗುಪ್ಪಿ ಸುಂದರಾಬಾಯಿ ಅವರದು. ನಾಲಗಿ ತಪ್ಪೈತಿ ಅಂದದ್ದು ನಿಮ್ಮ ಮಾವಶಿಗೆ."

ಖಂಡೆಪ್ಪನ ನಗುವ ಮುಖವೊಂದು ಬಂತು, ಬಂದ ವೇಗದಲ್ಲೇ ಅಳಿಸಿಹೋಯಿತು. ಆಮೇಲೆ ನನ್ನ ಫೋನ್ ರಿಂಗಾಯಿತು.

"ನಾಳಿ ಸಂಜಿಮುಂದ ಮಸಗುಪ್ಪಿಗೆ ಬರಾಕತ್ತೇನಿ. ನೀವೂ ಅಲ್ಲೇ ಇರ್ರಿ. ನನ್ನ ಮಾನಾ ಕಳದವ್ರ ಮಾರಿ ಒಮ್ಮೆ ನೋಡಬೇಕಾಗೇತಿ."

"ಇರ್ತೇನಿ. ಬರ್ರಿ," ಎಂದೆ. ಮರುದಿನ ಶಾಲೆ ಬಿಟ್ಟ ಮೇಲೆ ಅವನನ್ನು ಕಾದಷ್ಟು ಹುರುಪಿನಿಂದ ನಾನು ಯಾರನ್ನೂ ಕಾದಿಲ್ಲ.

ಅವನು ಬೈಕ್ ನಿಲ್ಲಿಸಿ ಒಳಗೆ ಬಂದಾಗ ಹಗಲು ಇನ್ನೂ ಇತ್ತು, ಮೇಲೆ ದಟ್ಟ ಮೋಡ. ಸುಂದರಾಬಾಯಿ ಅವನ ಕೈಕಾಲಿಗೆ ನೀರು ಕೊಟ್ಟರು. ಅವನ ಮುಂದೆ ತಾಟು ಇಟ್ಟರು: ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ನನ್ನ ಮುಂದೆ ನನ್ನ ಲೋಟದಲ್ಲಿ ಚಹಾ. ತಾವು ಕಂಬಕ್ಕೆ ಒರಗಿ ಕೂತರು. ಮಧ್ಯಾಹ್ನದಿಂದ ಅವರು ಏನೂ ಮುಟ್ಟಿರಲಿಲ್ಲ.

ಅವನು ಮೊದಲು ಮಾಡಿದ ಕೆಲಸ, ಆ ಫೋನ್ ತೆಗೆದು ಲೊಕೇಶನ್ ಹಾಕಿ ಊರು ಸರಿಮಾಡಿದ್ದು. ಅದನ್ನು ಗೋಡೆಯ ಮಾಡದಲ್ಲಿ ಇಟ್ಟು ನನ್ನ ಕಡೆ ತಿರುಗಿದ. "ಇಷ್ಟೇ ಕೆಲಸಾ. ಒಂದು ಫೋನ್ ಹಚ್ಚಿದ್ರ ಮುಗೀತಿತ್ತು. ನೀವು ನಾಕು ನೂರು ಮಂದಿ ಮುಂದ ಬರದ್ರಿ."

"ಹೆಸರು ಕೇಳಿದವ್ರು ಯಾರು? ನಾನೇನು?" ಎಂದೆ.

"ಗೊತ್ತಿದ್ದ ಗೊತ್ತಿದ್ದ ಖೆಡ್ಡಾ ತೋಡಿದ್ರಿ."

"ತೋಡಿದವ್ರು ನೀವ. ನಾ ಬರೇ ದೂರ ನಿಂತೇನಿ."

"ಮಾವಶಿ, ಕೇಳಿದೇನು ಈಕಿ ಮಾತು?" ಎಂದು ಅವನು ಸುಂದರಾಬಾಯಿಯ ಕಡೆ ನೋಡಿದ. ಅವರು ನೋಡುತ್ತಲೇ ಇದ್ದರು. ಅವನ ದನಿ ಸ್ವಲ್ಪ ಇಳಿಯಿತು. "ನೀ ಅಂತ ಗೊತ್ತಿದ್ರ ನಾ ಹಂಗ ಬರೀತಿದ್ದಿಲ್ಲ ಮಾವಶಿ. ನಿನ್ನಾಣಿ."

"ಗೊತ್ತೈತೋ. ಮುಂಬೈ ಹಂಗ ಉಳಿದದ್ದಕ್ಕ ನನಗ ಸಿಟ್ಟಿಲ್ಲ. ಮರ್ತಿ, ಆತು," ಎಂದರು ಅವರು. "ನಾ ಅಲ್ಲ, ಬ್ಯಾರೆ ಯಾರೋ ಮುದುಕಿ ಅಂತ ತಿಳದು ಬರದಿ ನೋಡು. ಆಕಿಗೂ ಒಂದು ವ್ರತ ಇರತೈತಿ. ಆಕಿನೂ ಯಾರನ್ನರ ಸಾಕಿರ್ತಾಳ. ಆಕಿಗೆ ಬರಿಬೌದೇನು?"

ಅವನು ರೊಟ್ಟಿಯ ಒಂದು ತುಣುಕು ಮುರಿದ, ಕೈಯಲ್ಲೇ ಹಿಡಿದುಕೊಂಡ. ಅದನ್ನು ಬಾಯಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ಆದರೆ ಉತ್ತರ ಹೊಳೆಯದಾಗ ಅವನ ಬಾಯಿ ಎದುರಿಗೆ ಸಿಕ್ಕವರ ಮೇಲೆ ಹೋಗುತ್ತದೆ. "ಇಷ್ಟೆಲ್ಲಾ ಇವ್ರಿಂದ. ಮಳಿನೀರು ಅಂದದ್ದಕ್ಕ ಹಗೆ ಇಟ್ಕೊಂಡು ಕುಂತಿದ್ರು," ಎಂದ. ನಾನು ಬಿಡುತ್ತೇನೆಯೇ? ಹೌದು, ಇಟ್ಟುಕೊಂಡಿದ್ದೆ, ಇನ್ನೂ ಇಟ್ಟುಕೊಳ್ಳುತ್ತೇನೆ ಎಂದೆ. ಆ ಮಳೆನೀರಿನಿಂದ ಹಿಡಿದು ಖಂಡೆಪ್ಪನ ಅಕ್ಕಿ ಡಬ್ಬಿಯವರೆಗೆ ಅವನು ಬರೆದದ್ದನ್ನೆಲ್ಲ ಎತ್ತಿ ಆಡಿದೆ. ಅವನು ನನ್ನ ಪಾಠದವರೆಗೆ ಹೋದ. ನಾನು ಅವನು ಮುಂಬೈ ಬಿಟ್ಟ ಕಥೆಯವರೆಗೆ ಹೋದೆ. ಹೊರಗೆ ಬೆಳಕು ಕಡಿಮೆಯಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಮಾಡದಲ್ಲಿ ಫೋನ್ ಗಂಟೆ ಬಾರಿಸಿತು.

ಸುಂದರಾಬಾಯಿ ಎದ್ದು ಬಂದು ಅವನ ಮುಂದಿನ ತಾಟು ಎತ್ತಿದರು. ಕೈಯಲ್ಲಿದ್ದ ತುಣುಕನ್ನೂ ಬಿಡಿಸಿಕೊಂಡು ತಾಟಿನಲ್ಲಿ ಹಾಕಿದರು, ಚಿಕ್ಕವನಿದ್ದಾಗಲೂ ಹಾಗೇ ಮಾಡುತ್ತಿದ್ದರೇನೋ. "ಹೊತ್ತು ಮುಳುಗಿತು. ಏಳು," ಎಂದರು. ಹುಕ್ಕೇರಿಯಿಂದ ಹಸಿದು ಬಂದ ಮನುಷ್ಯ ಎಂಜಲಾಗದ ಕೈಯನ್ನು ನೋಡಿಕೊಳ್ಳುತ್ತ ಕೂತಿದ್ದ.

ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಬಾಯಿಗೆ ಒಂದು ತುತ್ತೂ ಬೀಳದಿದ್ದುದು ನ್ಯಾಯವೇ ಎನ್ನಿಸಿತು. ತುಟಿಯ ಮೇಲೆ ಬಂದ ನಗುವನ್ನು ಮುಚ್ಚಲು ಚಹಾದ ಲೋಟಕ್ಕೆ ಕೈ ಹಾಕಿದೆ. ನಾನೂ ಅದನ್ನು ಇನ್ನೂ ಮುಟ್ಟಿರಲಿಲ್ಲ, ತಣ್ಣಗಾಗಿ ಕೆನೆಗಟ್ಟಿತ್ತು. ಅಷ್ಟರಲ್ಲಿ ಸುಂದರಾಬಾಯಿ ಬಗ್ಗಿ ಅದನ್ನೂ ನನ್ನ ಮುಂದಿನಿಂದ ಎತ್ತಿಕೊಂಡರು.

"ಹೇಳಬ್ಯಾಡ್ರಿ ಅಂದಿದ್ನಿ, ಅಕ್ಕೋರ," ಎಂದು ಅದನ್ನೂ ತಾಟನ್ನೂ ಹಿಡಿದುಕೊಂಡು ದನದ ಕೊಟ್ಟಿಗೆಯ ಕಡೆ ಹೋದರು.